ಮೊದಲ ಗುಟುಕು

ನೀರನ್ನು ಮೂಸಿ ನೋಡಿ ಕುಡಿಯುವುದು ನನ್ನ ಹಳೆಯ ಚಟ. ಲೋಟ ಕೈಗೆ ಬಂದ ಕೂಡಲೇ ಅದು ತಾನಾಗಿಯೇ ಮೊದಲು ಮೂಗಿನ ಕಡೆ ಹೋಗುತ್ತದೆ, ಆಮೇಲೆ ಬಾಯಿಯ ಕಡೆ. ಮದುವೆಯಾಗಿ ಔರಾದಿಗೆ ಹೋದ ಮೊದಲ ದಿನವೇ ಅತ್ತೆ ಕೊಟ್ಟ ನೀರನ್ನು ಮೂಸಿಬಿಟ್ಟೆ. ಅವರು ಅದನ್ನು ಸಾಯುವವರೆಗೆ ಮರೆಯಲಿಲ್ಲ. ಸಿಟ್ಟು ಬಂದಾಗಲೆಲ್ಲ ‘ಮೂಸೋ ಸೊಸಿ’ ಅಂತಲೇ ಕರೆಯುತ್ತಿದ್ದರು. ನನ್ನ ಗಂಡನಂತೂ ಚಹದ ಕಪ್ಪನ್ನು ಮೊದಲು ನನ್ನ ಮೂಗಿನ ಕೆಳಗೆ ಹಿಡಿದು, ‘ಪಾಸೇನು?’ ಅಂತ ಕೇಳಿ ಕುಡಿಯುತ್ತಿದ್ದರು.

ಮೊನ್ನೆ ಬೀದರಿನಲ್ಲಿ ಈ ಚಟ ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯಿತು. ಮೊಮ್ಮಗಳ ಸಾಲೆಯಲ್ಲಿ ಕುಡಿಯುವ ನೀರಿನ ಹೊಸ ಯಂತ್ರ ಕೂಡಿಸಿದ್ದರು. ಉದ್ದಕ್ಕೆ ಸ್ಟೀಲಿನ ನಳಗಳು, ಕೈ ತೊಳೆಯಲು ಬೇರೆ ಕಟ್ಟೆ, ಪಕ್ಕದಲ್ಲಿ ಹೆಣ್ಣುಮಕ್ಕಳಿಗೆ ಚಿಲಕವಿರುವ ಶೌಚಾಲಯ. ಚಿಲಕವನ್ನು ನಾನು ಹೋದ ತಕ್ಷಣ ಹಾಕಿ ತೆಗೆದು ನೋಡಿದೆ. ಉದ್ಘಾಟನೆಯ ಹೊತ್ತಿಗೆ ದೊಡ್ಡ ಬಾಯಿಯವರು, ಅಂದರೆ ಸಾಲೆಯ ಮುಖ್ಯೋಪಾಧ್ಯಾಯಿನಿ, ನನ್ನನ್ನು ಮುಂದೆ ಕರೆದು, “ಅಮ್ಮಾರ, ನೀವು ಹಿರಿಯರು. ಮೊದಲ್ನೇ ಗ್ಲಾಸ್ ನೀವೇ ಕುಡೀಬೇಕ್ರಿ” ಅಂದರು. ಹಿರಿಯಳು ಅಂತ ಕರೆದರೋ, ಹೆಚ್ಚುಕಡಿಮೆಯಾದರೂ ಈಕೆಯಿಂದ ದೊಡ್ಡ ನಷ್ಟವಿಲ್ಲ ಅಂತ ಕರೆದರೋ, ನನಗೆ ಸಂಶಯ. ಗ್ಲಾಸು ತೆಗೆದುಕೊಂಡೆ, ಮೂಸಿದೆ. ಮೈಕಿನ ಮುಂದೆ ನಿಂತಿದ್ದೆನಾದ್ದರಿಂದ ಮೂಸಿದ್ದು ಇಡೀ ಸಾಲೆಗೆ ಕೇಳಿಸಿತು. ಹುಡುಗರು ಕಿಸಕ್ಕನೆ ನಕ್ಕರು. ಯಂತ್ರ ಕೂಡಿಸಿದವನ ಮುಖ ಸಣ್ಣದಾಯಿತು.

“ಆಯಿ, ಅದು ಫಿಲ್ಟರ್ ನೀರು. ಎಷ್ಟ್ ಮೂಸಿದ್ರೂ ಏನೂ ವಾಸನಿ ಬರಂಗಿಲ್ಲ” ಅಂತ ಮೊಮ್ಮಗಳು ಸೀರೆ ಜಗ್ಗಿದಳು.

“ಅದಕ್ಕೇ ಸಂಶಯ” ಅಂದೆ.

ನೀವೂ ನಗುತ್ತೀರಿ, ನಗಿರಿ. ಆದರೆ ಈ ಸಂಶಯ ನಾನು ಗಳಿಸಿದ್ದಲ್ಲ, ಬಳುವಳಿಯಾಗಿ ಬಂದದ್ದು. ನಮ್ಮ ಊರೇ ಅಂಥದು. ಭಾಲ್ಕಿ ತಾಲ್ಲೂಕಿನಲ್ಲಿ, ಭಾತಂಬ್ರಾಕ್ಕೂ ಸಾಯಗಾಂವಕ್ಕೂ ನಡುವೆ ಎಲ್ಲೋ ಇದೆ ಅಂತ ಇಟ್ಟುಕೊಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ, ಯಾಕೆ ಬರೆದಳು, ಯಾರು ಬರೆಸಿದರು ಅಂತ ವಿಚಾರಣೆ ಶುರುವಾಗುತ್ತದೆ.

ನಾನು ಸಣ್ಣವಳಿದ್ದಾಗ ಅದು ಹೈದರಾಬಾದ್ ಸಂಸ್ಥಾನ. ಮೊದಲು ರಜಾಕಾರರ ಗದ್ದಲ. ನಮ್ಮವರು ಕದ ಹಾಕಿಕೊಂಡು ಕೂಡುತ್ತಿದ್ದರು, ಕೆಲವರು ಗಡಿ ದಾಟಿ ಹೋಗಿ ಸೋಲಾಪುರದ ಕಡೆ ಉಳಿದರು. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ಮಿಲಿಟರಿ ಬಂತು. ಆಗ ಕದ ಹಾಕಿಕೊಳ್ಳುವ ಪಾಳಿ ಮುಸಲ್ಮಾನರ ಓಣಿಗೆ ಬಂತು. ಮೊದಲಿನದನ್ನು ಹಿರಿಯರು ಕಟ್ಟೆಯ ಮೇಲೆ ಕುಳಿತು ಜೋರಾಗಿ ಹೇಳುತ್ತಿದ್ದರು, ಎರಡನೆಯದನ್ನು ಕಿವಿಯಲ್ಲಿ ಹೇಳುತ್ತಿದ್ದರು. ನಾನು ಎರಡನ್ನೂ ಕೇಳಿಸಿಕೊಂಡು ಬೆಳೆದೆ, ಪೂರ್ತಿ ಯಾವುದೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಯಾರ ಮನೆಯ ನೀರನ್ನೂ ಸುಮ್ಮನೆ ಕುಡಿಯಬಾರದು. ಆಗ ಒಂದು ರೂಢಿಯೇ ಬಿದ್ದಿತ್ತು. ನೀರು ಕೊಡುವವರು ತಂಬಿಗೆಯನ್ನು ಎತ್ತಿ ಮೊದಲು ತಮ್ಮ ಬಾಯಿಗೆ ಒಂದು ಗುಟುಕು ಹಾಕಿಕೊಂಡು ತೋರಿಸಬೇಕು, ಆಮೇಲೆ ಬಂದವರಿಗೆ ಕೊಡಬೇಕು. ಬೀಗರಾದರೂ ಅಷ್ಟೇ, ಅಳಿಯನಾದರೂ ಅಷ್ಟೇ. ಅಳಿಯನಿಗಂತೂ ಎರಡು ಗುಟುಕು ಕುಡಿದು ತೋರಿಸುತ್ತಿದ್ದರು.

ನಮ್ಮ ಸಾಲೆ ಅಂದರೆ ಒಂದು ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಗಿಡ ಮತ್ತು ಒಂದು ಬಾವಿ. ಪೊಲೀಸ್ ಆ್ಯಕ್ಷನ್ನಿಗಿಂತ ಮೊದಲು ಅಲ್ಲಿ ಉರ್ದು ಕಲಿಸುತ್ತಿದ್ದವರು ನನ್ನ ಗೆಳತಿ ಜೈನೂಳ ಅಪ್ಪ. ಊರವರೆಲ್ಲ ಅವರನ್ನು ಮೌಲ್ವಿ ಮಾಸ್ತರು ಅನ್ನುತ್ತಿದ್ದರು. ನಾನಿನ್ನೂ ಸಾಲೆಗೆ ಸೇರಿರಲಿಲ್ಲ, ಅಣ್ಣನ ಹಿಂದೆ ಹೋಗಿ ಪಡಸಾಲೆಯಲ್ಲಿ ಕೂಡುತ್ತಿದ್ದೆ. ಅವರು ಗಂಟೆ ಹೊಡೆಯುವ ಮೊದಲು ಹುಡುಗರ ಉಗುರು ನೋಡುತ್ತಿದ್ದರು, ಸೊಂಡಿಲಿನಂಥ ತೋಟಿ ಇದ್ದ ತಂಬಿಗೆಯಿಂದ ಕೈಗೆ ನೀರು ಹಾಕುತ್ತಿದ್ದರು. ನನ್ನ ಕೈಗೂ ಹಾಕಿದ್ದು ನೆನಪಿದೆ. ಮಿಲಿಟರಿ ಬಂದ ವಾರ ಅವರು ಕಾಣೆಯಾದರು. ಹೈದರಾಬಾದಿಗೆ ಹೋದರು ಅಂತ ಕೆಲವರು, ಪಾಕಿಸ್ತಾನಕ್ಕೆ ಹೋದರು ಅಂತ ಕೆಲವರು. ಏನೂ ಹೇಳದೆ ನೆಲ ನೋಡುತ್ತಿದ್ದವರೂ ಇದ್ದರು. ಅವರ ಹೆಂಡತಿ ರಾಬಿಯಾ ಚಾಚಿ ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಸಾಲೆಯ ಹಿಂದಿನ ಮನೆಯಲ್ಲಿ ಮಗಳನ್ನು ಕಟ್ಟಿಕೊಂಡು ಉಳಿದರು. ಸಾಲೆಯ ಗಂಟೆಯೂ ಅದೇ ವಾರ ಕಾಣೆಯಾಗಿತ್ತು. ಅದನ್ನು ಮೌಲ್ವಿ ಮಾಸ್ತರೇ ಒಯ್ದರು ಅಂತ ಊರು ತೀರ್ಮಾನ ಮಾಡಿತು.

ಬಾವಿಯ ಸುದ್ದಿ ಹುಟ್ಟಿದ್ದು ಆಗಲೇ. ಹೋಗುವಾಗ ಅವರು ಬಾವಿಗೆ ವಿಷ ಹಾಕಿ ಹೋಗಿದ್ದಾರೆ ಅಂತ ನಮ್ಮ ಓಣಿ ನಂಬಿತ್ತು. ಸಾಲೆಯ ಹಿಂದಿನ ಮುಸಲ್ಮಾನರ ಓಣಿಯವರೂ ಆ ಬಾವಿಯ ಹತ್ತಿರ ಬರುತ್ತಿರಲಿಲ್ಲ. ಯಾಕೆ ಅನ್ನುವುದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೀರಿನ ಮೇಲೆ ಬೇವಿನ ಎಲೆ ಬಿದ್ದು ಕೊಳೆಯಿತು, ಹಗ್ಗ ಗಾಲಿಯ ಮೇಲೇ ಜೀರ್ಣವಾಯಿತು.

ಕೆಲವು ತಿಂಗಳಾದ ಮೇಲೆ ಕನ್ನಡ ಕಲಿಸುವುದಕ್ಕೆ ಹೊಸ ಮಾಸ್ತರು ಬಂದರು. ಬಿಜಾಪುರದ ಕಡೆಯವರು, ತೆಳ್ಳಗಿನ ಮನುಷ್ಯ, ಬಿಳೀ ಟೋಪಿ. ಊರಿಗೆ ಅವರ ಕನ್ನಡವೇ ಸಂಶಯಕ್ಕೆ ಬಂತು. ನಾವು ‘ಅದ’ ಅಂದರೆ ಅವರು ‘ಐತಿ’ ಅನ್ನುತ್ತಿದ್ದರು. ಅದರ ಮೇಲೆ ಹೆಣ್ಣುಮಕ್ಕಳನ್ನೂ ಕಳಿಸಿರಿ ಅಂತ ಮನೆಮನೆಗೆ ಬಂದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮನೆಯ ದೊಡ್ಡ ಯಜಮಾನಿ. ಅವಳು ಮಾಸ್ತರನ್ನು ಮೇಲಿನಿಂದ ಕೆಳಗೆ ನೋಡಿ ಒಪ್ಪಿದಳು, ಆದರೆ ಕರಾರು ಹಾಕಿದಳು.

“ಕಳಸ್ತೇನ್ರಿ ಮಾಸ್ತರ. ಆದ್ರ ಆ ಬಾವಿ ನೀರು ನನ್ ಮೊಮ್ಮಗಳ ಬಾಯಾಗ ಬಿತ್ತಂದ್ರ ಸಾಲಿ ಬಂದ್.”

ಹೀಗೆ ನನ್ನ ವಿದ್ಯಾಭ್ಯಾಸ ಒಂದು ಹಿತ್ತಾಳೆ ತಂಬಿಗೆಯಿಂದ ಶುರುವಾಯಿತು. ತಿರುಗಿಸಿ ಮುಚ್ಚುವ ಮುಚ್ಚಳ ಅದಕ್ಕೆ. ಆಯಿ ತಾನೇ ನೀರು ತುಂಬಿ, ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ಕೊಡುತ್ತಿದ್ದಳು. ನೀರು ಮುಗಿದ ಕೂಡಲೇ ಮನೆಗೆ ಬರಬೇಕು. ನಮ್ಮ ಮನೆ ಹಳ್ಳದ ಆಚೆ, ಹೋದವಳು ಮತ್ತೆ ತಿರುಗಿ ಬರುವ ಮಾತಿಲ್ಲ. ಹಾಗಾಗಿ ತಂಬಿಗೆಯಲ್ಲಿ ನೀರಿರುವಷ್ಟು ಹೊತ್ತು ನನಗೆ ಅಕ್ಷರ. ಪಕ್ಕದಲ್ಲಿ ಕೂಡುತ್ತಿದ್ದ ಜೈನೂಳಿಗೂ ಅದರಲ್ಲೇ ಕದ್ದು ಬೊಗಸೆಗೆ ಹಾಕುತ್ತಿದ್ದೆ, ಅಲ್ಲಿಗೆ ವಿದ್ಯೆ ಅರ್ಧಕ್ಕೆ ಇಳಿಯಿತು. ಚಳಿಗಾಲದಲ್ಲಿ ಮಗ್ಗಿಯವರೆಗೂ ಕೂಡುತ್ತಿದ್ದೆ. ಬಿಸಿಲು ಏರಿದಂತೆ ಕಾಗುಣಿತಕ್ಕೇ ನೀರು ಮುಗಿಯುತ್ತಿತ್ತು. ಈಗಲೂ ನನ್ನ ಲೆಕ್ಕ ಕಚ್ಚಾ, ಅದಕ್ಕೆ ಆ ವರ್ಷದ ಬಿಸಿಲೇ ಕಾರಣ ಅಂತ ಹೇಳಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಆಯಿ ನನ್ನ ಗದ್ದ ಹಿಡಿದು ಬಾಯಿ ಮೂಸುತ್ತಿದ್ದಳು. ಬಾವಿಯ ನೀರು ಕುಡಿದರೆ ಬಾಯಿಗೆ ಯಾವ ವಾಸನೆ ಬರುತ್ತದೆ ಅಂತ ಅವಳಿಗೂ ಗೊತ್ತಿರಲಿಲ್ಲ, ಆದರೂ ಮೂಸುತ್ತಿದ್ದಳು. ನನ್ನ ಮೂಗು ಕಲಿತದ್ದು ಅಲ್ಲಿ.

ನೀರಿನ ಕಷ್ಟ ಒಂದಾದರೆ ಇನ್ನೊಂದು ಕಷ್ಟವನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡುಹುಡುಗರು ಗೋಡೆ ಹುಡುಕಿಕೊಂಡು ಹೋಗುತ್ತಿದ್ದರು. ನಾವು ತಡೆದುಕೊಂಡು ಕೂಡುತ್ತಿದ್ದೆವು, ತಡೆಯಲಾರದ ದಿನ ಹೊಟ್ಟೆನೋವು ಅಂತ ಹೇಳಿ ಮನೆಗೆ ಓಡುತ್ತಿದ್ದೆವು. ಮಾಸ್ತರಿಗೆ ಅದು ಹೇಗೋ ತಿಳಿಯಿತು. ಸಾಲೆಯ ಹಿತ್ತಿಲಲ್ಲಿ ಆಳವಾದ ತೆಗ್ಗು ತೋಡಿಸಲು ಶುರುಮಾಡಿದರು. ಅಲ್ಲಿಯವರೆಗೆ ನಮ್ಮೂರಲ್ಲಿ ತೆಗ್ಗು ತೋಡಿದ್ದು ಬಂದೂಕು ಹಿಡಿದು ಅಡಗಿ ಕೂಡುವುದಕ್ಕೆ, ಇಲ್ಲವೇ ಹುಗಿಯುವುದಕ್ಕೆ. ಸುದ್ದಿ ಹೋಗಿ ಊರಿನ ಪೊಲೀಸ್ ಪಾಟೀಲರು ಬೆತ್ತ ಹಿಡಿದು ಬಂದರು.

“ಮಾಸ್ತರ, ಇದ್ರಾಗ ಏನ್ ಹುಗೀತೀರಿ?”

“ಏನೂ ಹುಗಿಯೂದಿಲ್ರೀ. ಹುಡುಗ್ಯಾರು ಹೊರಕಡೀಗಿ ಹೋಗಾಕ ಮಾಡಾಕತ್ತೀನಿ.”

ಪಾಟೀಲರು ಬೆತ್ತ ಇಳಿಸಿ ಆಳ ನೋಡಿದರು. “ಊರ ತುಂಬಾ ಹೊಲ ಬಿದ್ದಾವ. ಹೊರಕಡೀಗಿ ಹೋಗ್ಲಕ ಒಳಗ್ಯಾಕ ಬರಬೇಕ್ರಿ?”

ಮಾಸ್ತರು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಒಬ್ಬ ಆಳನ್ನು ಕಾವಲಿಗೆ ಇಟ್ಟು ಹೋದರು. ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿ ಮುಗಿಸಿದ ಮೇಲೆ ಅದನ್ನು ಮೊದಲು ಬಳಸಿದವನು ಆ ಕಾವಲುಗಾರನೇ ಅಂತ ದೊಡ್ಡ ಹುಡುಗಿಯರು ಹೇಳುತ್ತಿದ್ದರು. ನಾನು ನೋಡಿಲ್ಲ. ಆದರೆ ತೆಗ್ಗು ಆದರೂ ಕೈ ತೊಳೆಯುವುದಕ್ಕೆ ನೀರು ಎಲ್ಲಿಂದ? ಮತ್ತೆ ಅದೇ ಬಾವಿಯ ಮುಂದೆ ಬಂದು ನಿಲ್ಲಬೇಕಾಯಿತು.

ಮಾಸ್ತರಿಗೆ ತಾಳ್ಮೆ ಕಡಿಮೆ. ಒಂದು ದಿನ ಯಾರನ್ನೂ ಕೇಳದೆ, ಭಾಲ್ಕಿಯ ದವಾಖಾನೆಯಿಂದ ತಂದ ಕೆಂಪು ಔಷಧದ ಪುಡಿಯನ್ನು ಬಾವಿಗೆ ಸುರಿದರು. ಕೈ ಕೊಂಚ ಜೋರಾಯಿತೆಂದು ಕಾಣುತ್ತದೆ. ನಾವು ಹುಡುಗರು ಬಗ್ಗಿ ನೋಡಿದಾಗ ನೀರಿನೊಳಗೆ ಕೆಂಪು ಎಳೆಗಳು ನಿಧಾನವಾಗಿ ಕೆಳಗಿಳಿಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಾವಿಯೆಲ್ಲ ಕೆಂಪು. ಬೇರೆ ಕಡೆಯಾಗಿದ್ದರೆ ಔಷಧ ಹಾಕಿದ್ದಾರೆ ಅನ್ನುತ್ತಿದ್ದರು. ನಮ್ಮೂರಿಗೆ ಆ ಕೆಂಪು ನೀರು ಗದ್ದಲದ ದಿನಗಳನ್ನು ನೆನಪಿಸಿತು. ಗಂಡಸರು ಬಂದು ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಹೋದರು. ಸಂಜೆಯೊಳಗೆ ಎಲ್ಲ ಮನೆಗಳವರೂ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಆಯಿ ನನ್ನ ತಂಬಿಗೆಯನ್ನು ಗೂಟಕ್ಕೆ ಹಾಕಿಬಿಟ್ಟಳು. ನನ್ನ ಅಕ್ಷರ ಮುಗಿಯಿತು ಅಂತ ನಾನು ಕಣಜದ ಹಿಂದೆ ಕುಳಿತು ಅತ್ತೆ.

ಸಾಲೆ ಖಾಲಿ ಬಿತ್ತು. ಕೊನೆಗೆ ಮಾಸ್ತರು ಚಾವಡಿಗೆ ಹೋಗಿ, “ನೀರೆಲ್ಲಾ ತಗಸೋಣ್ರಿ. ತಳಾ ಕಾಣೂಮಟ ತಗಸೋಣು. ಏನ್ ಐತಿ, ಏನ್ ಇಲ್ಲ, ಎಲ್ಲಾರೂ ಕಣ್ಣಾರೆ ನೋಡ್ರಿ” ಅಂದರಂತೆ. ಒಪ್ಪುವುದಕ್ಕೆ ಊರಿಗೆ ಬಹಳ ದಿನ ಬೇಕಾಯಿತು. ಕೆಲವರಿಗೆ ನೋಡುವ ಮನಸ್ಸಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಎತ್ತು ಹೂಡಿ ಕಪಿಲೆಯ ತೊಗಲಿನ ಚೀಲದಿಂದ ನೀರು ಎತ್ತಿದರು. ಇಡೀ ಊರು ಬಂದಿತ್ತು. ನೀರು ಇಳಿದಂತೆ ಜನ ಹಿಂದೆ ಸರಿದರು, ಒಬ್ಬರು ಮಾತ್ರ ಮುಂದೆ ಬಂದರು. ರಾಬಿಯಾ ಚಾಚಿ. ತಲೆಯ ತುಂಬ ಸೆರಗು ಹೊದ್ದು ಬಾವಿಯ ದಂಡೆಗೆ ಕೂತರು. ತಳಕ್ಕೆ ಇಳಿಯಲು ಯಾರೂ ಒಪ್ಪದಿದ್ದಾಗ ಮಾಸ್ತರೇ ಟೋಪಿ ತೆಗೆದಿಟ್ಟು, ಧೋತರದ ಕಚ್ಚೆ ಬಿಗಿದು ಇಳಿದರು. ನಾಚಿಕೆಗೆ ಇಬ್ಬರು ಕುರುಬರು ಹಿಂದೆ ಇಳಿದರು. ರಾಡಿ ಬುಟ್ಟಿಯಲ್ಲಿ ಮೇಲೆ ಬಂತು. ಚಾಚಿ ಪ್ರತಿ ಬುಟ್ಟಿಯನ್ನೂ ನೆಲಕ್ಕೆ ಸುರಿಸಿಕೊಂಡು ಎರಡೂ ಕೈಗಳಿಂದ ಹಿಚುಕಿ ನೋಡುತ್ತಿದ್ದರು. ಪಾಟಿಯ ಚೂರು, ಒಡೆದ ಕೊಡದ ಕಂಠ, ಯಾರದೋ ಚಪ್ಪಲಿ. ಚಪ್ಪಲಿಯನ್ನು ತೊಳೆದು, ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದು ಸಣ್ಣ ಹುಡುಗನದು. ಪಕ್ಕಕ್ಕೆ ಇಟ್ಟರು.

“ವಿಷದ ಪುಡಿ ಹುಡುಕ್ಲತ್ತಾಳ. ಸಿಕ್ರ ಮುಚ್ಚತಾಳ” ಅಂತ ನನ್ನ ಹಿಂದೆ ಯಾರೋ ಅಂದರು.

ಆಯಿ ಆ ಮಾತಿಗೆ ಹೂಂ ಅನ್ನಲಿಲ್ಲ. ಅವಳು ಚಾಚಿಯ ಕೈಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಹೋಗಿ ರಾಡಿಯಲ್ಲೇ ಅವರ ಪಕ್ಕಕ್ಕೆ ಕೂತಳು.

“ಏನ್ ಹುಡುಕ್ಲತ್ತಿಯವ್ವ?”

“ಏನಿಲ್ರಿ, ಅಮ್ಮಾ.”

ಆಯಿ ನನ್ನನ್ನು ಕರೆದು ತಂಬಿಗೆ ತರಿಸಿದಳು. ಎತ್ತಿ ಮೊದಲು ತನ್ನ ಬಾಯಿಗೆ ಗುಟುಕು ಹಾಕಿಕೊಂಡಳು, ಆಮೇಲೆ ಚಾಚಿಯ ಬೊಗಸೆಗೆ ಹೊಯ್ದಳು. ಅವರು ಕುಡಿದು, ಅದೇ ಒದ್ದೆ ಕೈಯಿಂದ ಮುಂದಿನ ಬುಟ್ಟಿಗೆ ಕೈ ಹಾಕಿದರು. ಆ ಹೊತ್ತು ಅವರು ಏನು ಹುಡುಕುತ್ತಿದ್ದರು ಅಂತ ನನಗೆ ತಿಳಿಯಲಿಲ್ಲ. ಆಯಿಗೆ ತಿಳಿದಿತ್ತು.

ಬಾವಿಯಲ್ಲಿ ಅವರ ಗಂಡ ಇರಲಿಲ್ಲ. ಸಿಕ್ಕದ್ದು ಸಾಲೆಯ ಗಂಟೆ. ನೀರಿನ ಕೆಳಗೆ, ಗೋಡೆಯ ಕಬ್ಬಿಣದ ಬಳೆಗೆ ಹಗ್ಗದಿಂದ ಬಿಗಿದು, ಗೋಣಿಯಲ್ಲಿ ಸುತ್ತಿ ಇಳಿಬಿಟ್ಟಿದ್ದರು. ಗದ್ದಲದಲ್ಲಿ ಯಾರೂ ಒಯ್ಯಬಾರದು ಅಂತ ಅಡಗಿಸಿದಂತಿತ್ತು. ಮಾಸ್ತರು ಅದನ್ನು ಮೇಲೆ ತಂದು ಇಟ್ಟಾಗ ಚಾಚಿ ಗೋಣಿಯನ್ನು ಮುಟ್ಟಿ, “ಅವರೇ ಇಟ್ಟಾರ” ಅಂದರು. ಆ ದಿನ ಅವರು ಊರ ಮುಂದೆ ಆಡಿದ ಮಾತು ಅದೊಂದೇ. ಗಂಟೆ ಕಳ್ಳತನದ ಅಪವಾದ ತೊಳೆದುಹೋಯಿತು ಅಂತ ನೀವು ಅಂದುಕೊಂಡರೆ ನಮ್ಮೂರು ನಿಮಗಿನ್ನೂ ತಿಳಿದಿಲ್ಲ. ಪಾಟೀಲರು ತಲೆ ಅಲ್ಲಾಡಿಸಿ, “ಅಂದ್ರ ಅಂವ ಬಾವಿ ತನಕ ಬಂದಿದ್ದು ಖರೇ ಆಯ್ತು. ಬಂದಂವ ಗಂಟಿ ಒಂದೇ ಹಾಕ್ಯಾನೇನು?” ಅಂದರು.

ಒರತೆ ಮತ್ತೆ ತುಂಬಿತು. ಮಾಸ್ತರು ಈ ಸಲ ಚಿಟಿಕೆಯಷ್ಟೇ ಔಷಧ ಹಾಕಿದರು. ಮರುದಿನ ಬೆಳಿಗ್ಗೆ ನೀರು ತಿಳಿಯಾಗಿತ್ತು, ತುಸು ಗುಲಾಬಿ ಬಣ್ಣ. ಮಾಸ್ತರು ಎಲ್ಲರೆದುರು ಸೇದಿ ಕುಡಿದರು. ಅದು ಲೆಕ್ಕಕ್ಕೆ ಬರಲಿಲ್ಲ. ಔಷಧ ಹಾಕಿದವರು ಅವರೇ, ಅದನ್ನು ಇಳಿಸುವ ಔಷಧವನ್ನೂ ನುಂಗಿಯೇ ಬಂದಿರುತ್ತಾರೆ ಅಂತ ಕಟ್ಟೆಯ ಮೇಲಿನವರು ಅಂದರು. ಆಗ ರಾಬಿಯಾ ಚಾಚಿ ಮನೆಯಿಂದ ತಮ್ಮ ಹಗ್ಗ, ತಮ್ಮ ಕೊಡ ತಂದರು. ಯಾರ ಕಡೆಗೂ ನೋಡದೆ ಸೇದಿದರು. ಬೊಗಸೆಯಲ್ಲಿ ನೀರು ಹಿಡಿದು, ಕಣ್ಣು ಮುಚ್ಚಿ ಕುಡಿದರು. ಕೊಡ ತುಂಬಿಕೊಂಡು ಹೋದರು.

ಜನ ಅವರ ಬೆನ್ನನ್ನು ನೋಡುತ್ತ ನಿಂತರು. ಪಾಟೀಲರು ಗಂಟಲು ಸರಿಮಾಡಿಕೊಂಡರು. “ಅವರ ಮಂದಿ ಹಾಕಿದ್ರ ಈಕಿ ಕುಡೀತಿದ್ದಿಲ್ಲ. ಇವತ್ತಿನ ನೀರು ಸಾಚಾ ಅದ. ನಾಳಿಂದು ನಾಳಿ ನೋಡಮು.”

ಅಲ್ಲಿಂದ ಅದೇ ನಮ್ಮ ಸಾಲೆಯ ಕಾಯಿದೆಯಾಯಿತು. ದಿನಾ ಬೆಳಿಗ್ಗೆ ಚಾಚಿ ಬಂದು ಸೇದಿ ಕುಡಿಯುವವರೆಗೆ ಯಾರೂ ಬಾವಿಗೆ ಹಗ್ಗ ಇಳಿಸುವಂತಿಲ್ಲ. ಯಾರೂ ಅವರಿಗೆ ಬಾ ಅಂತ ಹೇಳಿರಲಿಲ್ಲ, ಆದರೂ ಬರುತ್ತಿದ್ದರು. ಮೈಯಲ್ಲಿ ಜ್ವರವಿದ್ದರೂ ಜೈನೂಳ ಹೆಗಲು ಹಿಡಿದು ಬಂದರು. ಅವರು ಹೋದ ಮೇಲೆ ನಮ್ಮ ಪಾಳಿ: ನೀರು ಸೇದುವುದು, ತೊಟ್ಟಿ ತುಂಬುವುದು, ಬೂದಿ ಹಚ್ಚಿ ಕೈ ತೊಳೆಯುವುದು. ಊರಾಚೆಯ ಕೇರಿಯ ಮಕ್ಕಳಿಗೆ ಮಾತ್ರ ದೂರ ನಿಲ್ಲಿಸಿ ಮೇಲಿನಿಂದ ಹೊಯ್ಯುತ್ತಿದ್ದರು. ಎಲ್ಲದರ ಮೇಲೂ ಸಂಶಯಪಡುತ್ತಿದ್ದ ಊರಿಗೆ, ಇದು ಸರಿಯೇನು ಅನ್ನುವ ಸಂಶಯ ಬರಲೇ ಇಲ್ಲ. ಮಾಸ್ತರು ಅದಕ್ಕೂ ಜಗಳವಾಡಿದರು, ಗೆದ್ದದ್ದು ನನಗೆ ನೆನಪಿಲ್ಲ.

ಮೊದಲ ದಿನ ಚಾಚಿ ಕುಡಿದು ಹೋದದ್ದನ್ನು ನೋಡಿ ಬಂದ ಆಯಿ ಗೂಟದಿಂದ ತಂಬಿಗೆ ತೆಗೆದು ನನ್ನ ಕೈಗೆ ಕೊಟ್ಟಳು. “ನಾಳಿಂದ ಖಾಲಿ ಒಯ್ಯಿ. ಅಲ್ಲೇ ತುಂಬಿಕೊ. ಸಾಲಿ ಬಿಡೂತನಕ ಕೂಡು.”

“ಸಂಶಯ ಹೋಯ್ತೇನ್ ಆಯಿ?”

“ಸಂಶಯ ಎಲ್ಲಿ ಹೋಗ್ತದ. ಆದ್ರ ನೀರಡಿಕಿ ಆದ್ರ ಕುಡೀಲೇಬೇಕು.”

ಬಾಯಿ ಮೂಸುವುದನ್ನು ಮಾತ್ರ ಅವಳು ಬಿಡಲಿಲ್ಲ. ನಾನು ಅಕ್ಷರ ಕಲಿತೆ, ಮಗ್ಗಿ ಅಷ್ಟಕ್ಕಷ್ಟೇ ಕಲಿತೆ, ಮುಂದೆ ಭಾಲ್ಕಿಗೆ ಹೋಗಿ ಇನ್ನಷ್ಟು ಓದಿದೆ. ಮೌಲ್ವಿ ಮಾಸ್ತರು ಬರಲಿಲ್ಲ. ಪತ್ರವೂ ಬರಲಿಲ್ಲ.

ಜೈನೂಳನ್ನು ಬೀದರಿಗೆ ಕೊಟ್ಟರು, ಹಳೇ ಊರಿನ ಒಂದು ಓಣಿಯಲ್ಲಿ ಮನೆ. ಚಾಚಿ ಕಡೆಗಾಲಕ್ಕೆ ಮಗಳ ಹತ್ತಿರವೇ ಇದ್ದರು. ನಾನೊಮ್ಮೆ ಔರಾದಿನಿಂದ ಬಂದಾಗ ನೋಡಲು ಹೋದೆ. ಸೊಂಟ ಬಗ್ಗಿತ್ತು, ಆದರೂ ತಾವೇ ಎದ್ದು ನೀರು ತಂದರು. ಕೊಡುವ ಮೊದಲು ತಂಬಿಗೆ ಎತ್ತಿ ಒಂದು ಗುಟುಕು ತಾವು ಕುಡಿದರು. ಆ ರೂಢಿ ಊರಲ್ಲಿ ಎಂದೋ ಬಿಟ್ಟುಹೋಗಿತ್ತು. ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ಚಾಚಿ, ಊರು ನಿಮ್ ಮ್ಯಾಲ ಅಷ್ಟ್ ಸಂಶಯ ಮಾಡ್ತು. ಆದ್ರೂ ನೀವು ದಿನಾ ಬಂದು ಕುಡಿದು ತೋರಸ್ತಿದ್ರಿ. ಯಾಕ್ರಿ?”

ಅವರು ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದರು.

“ಊರಿಗಿ ತೋರಿಸ್ಲಕ ನಾ ಯಾಕ ಕುಡೀಲಿ, ಬೇಟಿ? ತಳಾ ನೋಡಿದ್ದೆ, ಖರೇ. ಮುಂಜಾನಿ ಎದ್ದ ಕೂಡ್ಲೆ ಮತ್ತ ಸಂಶಯ ಬರ್ತಿತ್ತು. ರಾಡಿ ಪೂರಾ ತಗದ್ರೋ ಇಲ್ಲೋ, ನಾ ಸರಿಯಾಗಿ ನೋಡಿದ್ನೋ ಇಲ್ಲೋ ಅಂತ. ಅವರು ಅದರಾಗಿದ್ರ ಆ ನೀರು ನನ್ ಗಂಟಲ್ದಾಗ ಇಳೀತಿದ್ದಿಲ್ಲ. ಇಳೀತಿತ್ತು. ಹಂಗಾರ ಎಲ್ಲೋ ಅದಾರ ಅಂತ ಮನಿಗಿ ಹೋಗಿ ಒಲಿ ಹಚ್ತಿದ್ದೆ.”

ಜೈನೂ ಎದ್ದು ಒಳಗೆ ಹೋದಳು. ನಾನು ಆ ನೀರನ್ನು ಮೂಸದೆ ಕುಡಿದೆ.

ಮೊನ್ನೆ ಸಾಲೆಯಲ್ಲಿ ಗ್ಲಾಸು ಹಿಡಿದು ನಿಂತಾಗ ಎದುರಿಗೆ ಹುಡುಗರೆಲ್ಲ ಪಾಳಿ ಹಚ್ಚಿದ್ದರು, ಮುದುಕಿ ಕುಡಿಯುವುದನ್ನೇ ಕಾಯುತ್ತಿದ್ದರು. ನಾವೂ ಹೀಗೆಯೇ ದಿನಾ ತಂಬಿಗೆ ಹಿಡಿದು ಬಾವಿಯ ಸುತ್ತ ನಿಂತಿರುತ್ತಿದ್ದೆವು. ಆ ಹೆಂಗಸು ಕಣ್ಣು ಮುಚ್ಚಿಕೊಂಡು ತನ್ನ ಗಂಡನನ್ನು ಆ ನೀರಿನಲ್ಲಿ ಹುಡುಕುತ್ತಿದ್ದಳು. ನಾವು ಅವಳ ಗಂಟಲನ್ನು ನೋಡುತ್ತಿದ್ದೆವು, ನುಂಗಿದಳೋ ಇಲ್ಲವೋ ಅಂತ. ನುಂಗಿದ ಮೇಲೆ ಹಗ್ಗ ಇಳಿಸುತ್ತಿದ್ದೆವು.